ನರಮೂಲ ಒತ್ತಿದಾಗ ಸೂಜಿಗೆ ಕೇಳುವುದೇನು: ಇಎಂಜಿ ಮಾಡುವ ನನ್ನ ಅನುಭವ

ಸೊಂಟದಿಂದ ಕಾಲಿಗೆ ಎಳೆಯುವ ನೋವು, ಪಾದದಲ್ಲಿ ಜೋಮು. ಚೀಟಿಯಲ್ಲಿ ಒಂದೇ ಸಾಲು: 'ಎರಡೂ ಕಾಲಿನ ಎನ್‌ಸಿಎಸ್.' ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಅಷ್ಟನ್ನೇ ಮಾಡಿ ಕಳಿಸಿದರೆ ನರಮೂಲ, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಬುಡ, ಒತ್ತಿದ ಬಹುಪಾಲು ರೋಗಿಗಳ ವರದಿ 'ನಾರ್ಮಲ್' ಅಂತಲೇ ಬರುತ್ತದೆ. ರೋಗಿ ಅದನ್ನು ಹಿಡಿದುಕೊಂಡು 'ನರ ಸರಿ ಇದೆಯಂತೆ, ಮತ್ತೆ ಈ ನೋವು ಎಲ್ಲಿಂದ?' ಎಂದು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಾರೆ. ನರಮೂಲದ ತೊಂದರೆಯನ್ನು ಹಿಡಿಯುವುದು ಸ್ನಾಯುವಿಗೆ ಸೂಜಿ ಹಾಕಿ ಅದರ ವಿದ್ಯುತ್ ಮಿಡಿತ ಕೇಳುವ ಇಎಂಜಿ. ಚರ್ಮದ ಮೇಲೆ ಕರೆಂಟ್ ಕೊಟ್ಟು ಮಾಡುವ ಎನ್‌ಸಿಎಸ್‌ನ ಮುಖ್ಯ ಕೆಲಸ, ಅದೇ ವೇಷದಲ್ಲಿ ಬರುವ ಬೇರೆ ಕಾಯಿಲೆಗಳನ್ನು ಬದಿಗೆ ಸರಿಸುವುದು. ಈ ಎರಡನ್ನೂ ನಾನು ಒಟ್ಟಿಗೇ ಮಾಡುತ್ತೇನೆ, ಬಿಡಿಬಿಡಿಯಾಗಿ ಒಪ್ಪಿಕೊಳ್ಳುವುದಿಲ್ಲ.

ಎಂಆರ್‌ಐ ಇದ್ದರೆ ನೋಡುತ್ತೇನೆ, ಆದರೆ ರೋಗಿಯನ್ನು ಪರೀಕ್ಷಿಸಿದ ಮೇಲೆ. ಯಾವ ತೊಂದರೆಯೂ ಇಲ್ಲದವರಲ್ಲೂ ವಯಸ್ಸಾದಂತೆ ಡಿಸ್ಕ್ ಉಬ್ಬಿರುವುದು ಸಾಮಾನ್ಯ. ಮೊದಲೇ ಫಿಲ್ಮ್ ನೋಡಿದರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ಹತ್ತು ನಿಮಿಷದ ಪರೀಕ್ಷೆ ಸಾಕು: ಕಾಲಿನ ಹೆಬ್ಬೆರಳನ್ನು ನನ್ನ ಬೆರಳಿಗೆ ವಿರುದ್ಧವಾಗಿ ಎತ್ತಿಸುವುದು, ಪಾದವನ್ನು ಒಳಗೆ ತಿರುಗಿಸಲು ಹೇಳುವುದು, ಪಕ್ಕಕ್ಕೆ ಮಲಗಿಸಿ ತೊಡೆ ಮೇಲೆತ್ತಿಸುವುದು, ಒಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಿಸುವುದು, ಮಂಡಿ ಮತ್ತು ಹಿಮ್ಮಡಿಯ ಹತ್ತಿರ ಸುತ್ತಿಗೆ ತಟ್ಟಿ ನೋಡುವುದು. ಚಪ್ಪಲಿ ಕಾಲಿಂದ ಜಾರುತ್ತದೆ ಎಂದು ತುಂಬ ಜನ ಹೇಳುತ್ತಾರೆ. ಆಗ 'ಜಾರಿದ್ದು ಗೊತ್ತಾಗುತ್ತಾ?' ಎಂದು ತಪ್ಪದೆ ಕೇಳಬೇಕು. ಗೊತ್ತೇ ಆಗದೆ ಜಾರುತ್ತಿದ್ದರೆ ಸಕ್ಕರೆ ಕಾಯಿಲೆಯ ನರದೌರ್ಬಲ್ಯದ ಕಡೆ ಮನಸ್ಸು ಹೋಗಬೇಕು. ಗೊತ್ತಾಗುತ್ತದೆ, ಆದರೆ ಬೆರಳಲ್ಲಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ ಎಂದರೆ ಸ್ನಾಯುವಿನ ಶಕ್ತಿ ಹೋಗಿದೆ.

ನೋವು ಶುರುವಾಗಿ ಎಷ್ಟು ದಿನವಾಯಿತು ಎಂಬುದರ ಮೇಲೆ ಫಲಿತಾಂಶ ನಿಂತಿದೆ. ನರತಂತು ತುಂಡಾದ ದಿನವೇ ಸ್ನಾಯು ದೂರು ಹೇಳುವುದಿಲ್ಲ. ಬೆನ್ನುಮೂಳೆಯ ಪಕ್ಕದ ಸ್ನಾಯುಗಳಲ್ಲಿ 7ರಿಂದ 10 ದಿನಕ್ಕೆ, ತೊಡೆ-ಸೊಂಟದ ಸ್ನಾಯುಗಳಲ್ಲಿ 2-3 ವಾರಕ್ಕೆ, ಮಂಡಿಯ ಕೆಳಗೆ 3ರಿಂದ 6 ವಾರಕ್ಕೆ ಬದಲಾವಣೆ ಕಾಣುತ್ತದೆ. ಮೊನ್ನೆ ನೋವು ಬಂದವರಿಗೆ ಇವತ್ತು ಸೂಜಿ ಹಾಕಿ 'ಏನೂ ಇಲ್ಲ' ಎಂದರೆ ಅದು ತಪ್ಪು ಸಮಾಧಾನ. ಸಾಮಾನ್ಯವಾಗಿ ಮೂರು ವಾರ ಕಳೆದ ಮೇಲೆ ಬರಹೇಳುತ್ತೇನೆ. ಪಾದ ಪೂರ್ತಿ ಬಿದ್ದುಹೋಗಿದ್ದರೆ, ಮೂತ್ರ ಕಟ್ಟಿದ್ದರೆ ಅಥವಾ ಎರಡೂ ಕಾಲು ಸೋಲುತ್ತಿದ್ದರೆ ಈ ಟೆಸ್ಟಿಗೆ ಕಾಯುವ ಮಾತೇ ಇಲ್ಲ. ಅವರು ಆ ದಿನವೇ ಎಂಆರ್‌ಐ ಮಾಡಿಸಿ ಸರ್ಜನ್ ಹತ್ತಿರ ಹೋಗಬೇಕು.

ಮಂಚ ಹತ್ತಿಸುವ ಮುಂಚೆ ಕೇಳುವುದು ಎರಡು-ಮೂರು ಪ್ರಶ್ನೆ. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ವಾರ್ಫರಿನ್ ಆದರೆ ಇತ್ತೀಚಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) ನೋಡುತ್ತೇನೆ. 3 ದಾಟಿದ್ದರೆ ಬೆನ್ನಿನ ಮತ್ತು ಇತರ ಆಳದ ಸ್ನಾಯುಗಳಿಗೆ ಸೂಜಿ ಹಾಕುವುದಿಲ್ಲ. ಮಾತ್ರೆಯನ್ನು ನಾನಾಗಿ ನಿಲ್ಲಿಸಲು ಹೇಳುವುದೂ ಇಲ್ಲ. ಪೇಸ್‌ಮೇಕರ್ ಇದ್ದರೆ ಅದರ ಹತ್ತಿರ ಕರೆಂಟ್ ಕೊಡುವುದಿಲ್ಲ, ಕಾಲಿನಲ್ಲಿ ಮಾಡಬಹುದು. ಆಮೇಲೆ ಎಣ್ಣೆಯ ವಿಚಾರ. ನೋವಿಗೆಂದು ತೈಲವನ್ನೋ ಮುಲಾಮನ್ನೋ ಚೆನ್ನಾಗಿ ತಿಕ್ಕಿಕೊಂಡು ಬಂದಿರುತ್ತಾರೆ. ಅದರ ಮೇಲೆ ಎಲೆಕ್ಟ್ರೋಡ್ ಅಂಟಿಸಿದರೆ ತೆರೆಯ ತುಂಬ 50 ಹರ್ಟ್ಜ್‌ನ ಕರೆಂಟ್ ಗದ್ದಲ. ಸ್ಪಿರಿಟ್ ಹಾಕಿ ಒರೆಸಿ, ಒರಟು ಜೆಲ್‌ನಿಂದ ಚರ್ಮವನ್ನು ಸ್ವಲ್ಪ ಉಜ್ಜಿದರೆ ಅರ್ಧ ಗದ್ದಲ ಹೋಗುತ್ತದೆ. ಉಳಿದರ್ಧ ಹೆಚ್ಚಾಗಿ ಗ್ರೌಂಡ್ ಎಲೆಕ್ಟ್ರೋಡ್ ಒಣಗಿದ್ದರಿಂದ, ಇಲ್ಲವೇ ಮಂಚದ ಪಕ್ಕದಲ್ಲೇ ಫೋನ್ ಚಾರ್ಜಿಗೆ ಹಾಕಿದ್ದರಿಂದ.

ತಣ್ಣಗಿನ ಪಾದ ಮಾಡುವ ಮೋಸ ದೊಡ್ಡದು. ಚರ್ಮದ ಉಷ್ಣತೆ ಒಂದು ಡಿಗ್ರಿ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕಡಿಮೆಯಾಗುತ್ತದೆ. ಜೊತೆಗೆ ಸೆನ್ಸರಿ ಅಲೆ (ಸ್ಪರ್ಶದ ನರದಿಂದ ಬರುವ ಅಲೆ) ಎತ್ತರವಾಗಿ ಕಾಣುತ್ತದೆ, ಸೂಜಿ ಹುಡುಕುವ ಫಿಬ್ರಿಲೇಶನ್ (ನರ ಕಳೆದುಕೊಂಡ ಸ್ನಾಯುತಂತುವಿನ ಮಿಡಿತ) ಅಡಗಿಕೊಳ್ಳುತ್ತದೆ. ಕೈ 32 ಡಿಗ್ರಿ, ಪಾದ ಕನಿಷ್ಠ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಡಿಮೆ ಇದ್ದರೆ ಬಿಸಿನೀರಿನ ಟಬ್ಬಿನಲ್ಲಿ ಕಾಲಿಳಿಸಿ ಹತ್ತು ನಿಮಿಷ ಕೂರಿಸುತ್ತೇನೆ. ಪಾದದಲ್ಲಿ ಸ್ಪರ್ಶವಿಲ್ಲದವರಿಗೆ ನೀರಿನ ಬಿಸಿಯನ್ನು ನನ್ನ ಕೈಯಿಂದಲೇ ನೋಡದೆ ಕಾಲಿಡಲು ಬಿಡುವುದಿಲ್ಲ.

ಮೊದಲು ಸೆನ್ಸರಿ. ಸ್ಪರ್ಶ ಹೊರುವ ನರತಂತುವಿನ ಜೀವಕೋಶ ಬೆನ್ನುಹುರಿಯೊಳಗೆ ಇಲ್ಲ. ನರಮೂಲ ಮೂಳೆಯ ಕಿಂಡಿಯಿಂದ ಹೊರಬರುವ ಜಾಗದಲ್ಲಿ, ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್ ಎಂಬ ಗಂಟಿನಲ್ಲಿದೆ. ಡಿಸ್ಕ್ ಒತ್ತುವುದು ಸಾಮಾನ್ಯವಾಗಿ ಆ ಗಂಟಿಗಿಂತ ಒಳಗಡೆ, ಬೆನ್ನುಹುರಿಯ ಬದಿಯಲ್ಲಿ. ಜೀವಕೋಶವೂ ಅದರಿಂದ ಪಾದಕ್ಕೆ ಹೋಗುವ ತಂತುವೂ ಕೆಡದೆ ಉಳಿಯುತ್ತವೆ, ಸುದ್ದಿ ಮಾತ್ರ ಮೆದುಳಿಗೆ ತಲುಪುವುದಿಲ್ಲ. ಹಾಗಾಗಿ ರೋಗಿ 'ಇಲ್ಲಿ ಏನೂ ಗೊತ್ತಾಗಲ್ಲ' ಎಂದು ತೋರಿಸಿದ ಜಾಗದಿಂದಲೇ ಚೆನ್ನಾದ ಅಲೆ ಬರುತ್ತದೆ. ಮರಗಟ್ಟಿದ ಪಾದದಲ್ಲಿ ಸರಿಯಾಗಿರುವ ಸೆನ್ಸರಿ ಅಲೆ ಕಂಡರೆ ನನ್ನ ಗಮನ ನೇರ ಬೆನ್ನಿಗೆ ಹೋಗುತ್ತದೆ.

ಎಲ್5, ಅಂದರೆ ಸೊಂಟದ ಐದನೇ ನರಮೂಲದ ಸಂಶಯವಿದ್ದರೆ ನೋಡಬೇಕಾದದ್ದು ಸೂಪರ್‌ಫಿಶಿಯಲ್ ಪೆರೋನಿಯಲ್ ನರ. ಹಿಮ್ಮಡಿ ಗಂಟಿನ ಮುಂದೆ, ಹೊರಬದಿಗೆ ರೆಕಾರ್ಡಿಂಗ್ ಎಲೆಕ್ಟ್ರೋಡ್ ಅಂಟಿಸಿ, 12 ಸೆಂಟಿಮೀಟರ್ ಮೇಲೆ ಕಾಲಿನ ಹೊರಬದಿಯಲ್ಲಿ ಕರೆಂಟ್ ಕೊಡುತ್ತೇನೆ. ಅದರ ಕೆಳಗಿನ ಮೂಲವಾದ ಎಸ್1ಕ್ಕೆ ಸೂರಲ್ ನರ: ಹಿಮ್ಮಡಿಯ ಹೊರಗಂಟಿನ ಹಿಂದೆ ಎಲೆಕ್ಟ್ರೋಡ್, 14 ಸೆಂಟಿಮೀಟರ್ ಮೇಲೆ ಮೀನಖಂಡದ ಹಿಂದೆ ಕರೆಂಟ್. ಎರಡರಲ್ಲೂ 6 ಮೈಕ್ರೋವೋಲ್ಟ್ ದಾಟಿದರೆ ಸರಿ. ಕಡಿಮೆ ಬಂದರೆ ತಕ್ಷಣ ರೋಗ ಎನ್ನದೆ, ಸ್ಟಿಮ್ಯುಲೇಟರನ್ನು ಅರ್ಧ ಸೆಂಟಿಮೀಟರ್ ಆಚೀಚೆ ಸರಿಸಿ ನೋಡುತ್ತೇನೆ, ಇನ್ನೊಂದು ಕಾಲಿಗೂ ಹೋಲಿಸುತ್ತೇನೆ. ಅರವತ್ತು ದಾಟಿದವರಲ್ಲಿ ಎರಡೂ ಕಡೆ ಅಲೆ ಸಿಗದಿದ್ದರೆ ಅದಕ್ಕೆ ಹೆಚ್ಚು ಅರ್ಥ ಕಟ್ಟಬಾರದು. ಒಂದು ಅಪವಾದ ನೆನಪಿರಲಿ: ಕೆಲವರಲ್ಲಿ ಎಲ್5 ಗಂಟು ಕಿಂಡಿಗಿಂತ ಒಳಗೇ ಇರುತ್ತದೆ. ಅಂಥವರಲ್ಲಿ ಡಿಸ್ಕ್ ಗಂಟನ್ನೇ ಒತ್ತಿ ಪೆರೋನಿಯಲ್ ಸೆನ್ಸರಿ ಅಲೆಯೂ ಕುಗ್ಗಬಹುದು.

ಮೋಟಾರ್ ಸ್ಟಡಿಯಲ್ಲಿ, ಅಂದರೆ ಸ್ನಾಯು ನಡೆಸುವ ತಂತುಗಳ ಪರೀಕ್ಷೆಯಲ್ಲಿ, ಹೆಚ್ಚು ಹೊತ್ತು ಕಳೆಯುವುದಿಲ್ಲ. ಒಂದು ಸ್ನಾಯುವಿಗೆ ಎರಡು-ಮೂರು ನರಮೂಲದಿಂದ ತಂತು ಬರುವುದರಿಂದ ಒಂದು ಮೂಲ ಸೋತರೂ ಅಲೆಯ ಎತ್ತರ ಹೆಚ್ಚಾಗಿ ಸರಿಯೇ ಇರುತ್ತದೆ. ಎಫ್ ವೇವ್ (ಬೆನ್ನುಹುರಿಯವರೆಗೆ ಹೋಗಿ ಸ್ನಾಯುವಿಗೆ ಮರಳುವ ಅಲೆ) ಕೂಡ ಅದೇ ಕಾರಣಕ್ಕೆ ಹೆಚ್ಚು ಹೇಳುವುದಿಲ್ಲ. 'ಎಫ್ ವೇವ್ ತಡ, ಆದ್ದರಿಂದ ನರಮೂಲದ ತೊಂದರೆ' ಎಂದು ಅದೊಂದರಿಂದಲೇ ಬರೆದ ವರದಿಗಳನ್ನು ನಾನು ಒಪ್ಪುವುದಿಲ್ಲ.

ಎಚ್ ರಿಫ್ಲೆಕ್ಸ್ (ಹಿಮ್ಮಡಿಗೆ ಸುತ್ತಿಗೆ ತಟ್ಟಿದಾಗಿನ ಪ್ರತಿಕ್ರಿಯೆಯನ್ನು ಕರೆಂಟಿನಿಂದ ಎಬ್ಬಿಸುವುದು) ಹಾಗಲ್ಲ, ಎಸ್1ಕ್ಕೆ ಅದು ನಿಜಕ್ಕೂ ಉಪಯೋಗ. ಮೀನಖಂಡದ ಸೋಲಿಯಸ್ ಮೇಲೆ ಎಲೆಕ್ಟ್ರೋಡ್, ಮಂಡಿಯ ಹಿಂದಿನ ಗುಳಿಯಲ್ಲಿ ಕರೆಂಟ್. ಇಲ್ಲಿ ತಪ್ಪುವುದು ಮೂರು ಕಡೆ. ಕರೆಂಟಿನ ಅವಧಿ 0.1 ಮಿಲಿಸೆಕೆಂಡಿನಲ್ಲೇ ಉಳಿದಿರುತ್ತದೆ, 1 ಮಿಲಿಸೆಕೆಂಡಿಗೆ ಏರಿಸಬೇಕು. ಅಭ್ಯಾಸದಂತೆ ಕರೆಂಟನ್ನು ಜೋರು ಮಾಡುತ್ತಾರೆ, ಆದರೆ ಈ ಅಲೆ ಸಣ್ಣ ಕರೆಂಟಿಗೇ ಏಳುತ್ತದೆ, ಜೋರು ಮಾಡಿದರೆ ಮಾಯವಾಗುತ್ತದೆ. ಒಂದರ ಹಿಂದೊಂದು ಬೇಗ ಕೊಟ್ಟರೂ ಸಾಯುತ್ತದೆ, ನಡುವೆ ಕನಿಷ್ಠ ಮೂರು ಸೆಕೆಂಡ್ ಬಿಡಬೇಕು. ಸಿಗದಿದ್ದರೆ ಎರಡೂ ಕೈಬೆರಳು ಕೊಕ್ಕೆ ಹಾಕಿ ಎಳೆಯಲು ಹೇಳುತ್ತೇನೆ, ಆಗ ಹಲವರಲ್ಲಿ ಕಾಣಿಸಿಕೊಳ್ಳುತ್ತದೆ. ಅಲೆ ಬರುವ ಹೊತ್ತಿನಲ್ಲಿ ಎರಡು ಕಾಲಿನ ನಡುವೆ 1.5 ಮಿಲಿಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಎರಡೂ ಕಡೆ ಇಲ್ಲದಿದ್ದರೆ ವಯಸ್ಸು ಅಥವಾ ಸಕ್ಕರೆ ಕಾಯಿಲೆ ಕಾರಣವಿರಬಹುದು, ನರಮೂಲದ ಮೇಲೆ ಹೊರಿಸುವುದಿಲ್ಲ.

ಈಗ ಸೂಜಿ. 'ಇದರಲ್ಲಿ ಔಷಧಿ ಇಲ್ಲಮ್ಮಾ, ಕರೆಂಟೂ ಇಲ್ಲ, ಸ್ನಾಯುವಿನ ಶಬ್ದ ಕೇಳುವ ಮೈಕ್ ಇದ್ದ ಹಾಗೆ' ಎಂದು ಹೇಳಿದರೆ ಬಿಗಿಹಿಡಿದ ಕಾಲು ಅರ್ಧ ಸಡಿಲವಾಗುತ್ತದೆ. ಒಬ್ಬರಿಗೆ ಒಂದೇ ಸಲ ಬಳಸಿ ಎಸೆಯುವ ಸೂಜಿ, ಹೆಚ್ಚಿನ ಸ್ನಾಯುಗಳಿಗೆ 37 ಮಿಲಿಮೀಟರ್, ಸೊಂಟ ಮತ್ತು ಬೆನ್ನಿಗೆ 50 ಅಥವಾ 75. ತೆರೆಯಲ್ಲಿ ಒಂದು ಮನೆಗೆ 10 ಮಿಲಿಸೆಕೆಂಡ್ ಮತ್ತು 50 ಮೈಕ್ರೋವೋಲ್ಟ್ ಇಟ್ಟು, ಸ್ಪೀಕರ್ ಜೋರು ಮಾಡಿ, ಸ್ನಾಯು ಸಡಿಲವಿದ್ದಾಗ ಸೂಜಿಯನ್ನು ಅರ್ಧ-ಒಂದು ಮಿಲಿಮೀಟರ್‌ನಂತೆ ಚುಟುಕಾಗಿ ಮುಂದೊತ್ತುತ್ತೇನೆ. ಚರ್ಮದ ಒಂದೇ ತೂತಿನಿಂದ ನಾಲ್ಕು ದಿಕ್ಕಿಗೆ. ಪ್ರತಿ ಸಲ ಒತ್ತಿ, ಒಂದೆರಡು ಸೆಕೆಂಡ್ ಕಿವಿಗೊಟ್ಟು ಕಾಯಬೇಕು. ಅವಸರದಲ್ಲಿ ಬೇರೆ ದಿಕ್ಕಿಗೆ ಹೋದರೆ ಹುಡುಕುತ್ತಿರುವುದೇ ತಪ್ಪಿಹೋಗುತ್ತದೆ.

ಹುಡುಕುವುದು ಫಿಬ್ರಿಲೇಶನ್ ಮತ್ತು ಪಾಸಿಟಿವ್ ಶಾರ್ಪ್ ವೇವ್. ನರದ ಆಸರೆ ಕಳೆದುಕೊಂಡ ಸ್ನಾಯುತಂತು ತಾನಾಗಿಯೇ ಮಿಡಿಯುವ ಸದ್ದು ಅದು. ತಗಡಿನ ಮಾಡಿನ ಮೇಲೆ ಮಳೆ ಹನಿ ಬೀಳುವಂತೆ, ಗಡಿಯಾರದಷ್ಟು ಕ್ರಮಬದ್ಧ ಟಿಕ್ ಟಿಕ್. ಹೊಸಬರು ಇದಕ್ಕೆ ಬದಲಾಗಿ ಹಿಡಿಯುವುದು ಎಂಡ್‌ಪ್ಲೇಟ್ ಸದ್ದನ್ನು. ಆರೋಗ್ಯವಂತ ಸ್ನಾಯುವಿನಲ್ಲೂ ನರ ಬಂದು ಸೇರುವ ಜಾಗಕ್ಕೆ ಸೂಜಿ ತಾಗಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಕೇಳುತ್ತದೆ, ಲಯವಿಲ್ಲದೆ. ಅಲ್ಲಿ ರೋಗಿಗೆ ನೋವೂ ಹೆಚ್ಚು. ಅಲೆ ಮೊದಲು ಮೇಲಕ್ಕೆ ಎದ್ದರೆ ಎಂಡ್‌ಪ್ಲೇಟ್, ಮೊದಲು ಕೆಳಗಿಳಿದರೆ ಫಿಬ್ರಿಲೇಶನ್. ಸೂಜಿಯನ್ನು ಸ್ವಲ್ಪ ಹಿಂದೆಳೆದು ಜಾಗ ಬದಲಿಸಿದರೆ ಸಂಶಯ ಮುಗಿಯುತ್ತದೆ. ಕನಿಷ್ಠ ಎರಡು ಬೇರೆ ಜಾಗಗಳಲ್ಲಿ, ಎರಡು-ಮೂರು ಸೆಕೆಂಡ್ ನಿಂತು ಮಿಡಿದರೆ ಮಾತ್ರ 1+ ಎಂಬ ಕನಿಷ್ಠ ದರ್ಜೆ ಬರೆಯುತ್ತೇನೆ.

ಆಮೇಲೆ ಮೆಲ್ಲಗೆ ಬಿಗಿ ಮಾಡಿಸುತ್ತೇನೆ. ಸರಿಯಾದ ಸ್ನಾಯುವಿನಲ್ಲಿ ಒಂದು ಮೋಟಾರ್ ಯೂನಿಟ್ (ಒಂದು ನರತಂತು ನಡೆಸುವ ಸ್ನಾಯುತಂತುಗಳ ಗುಂಪು) ಸೆಕೆಂಡಿಗೆ ಹತ್ತು ಸಲ ಮಿಡಿಯುವ ಹೊತ್ತಿಗೆ ಎರಡನೆಯದು ಜೊತೆಗೂಡಿರುತ್ತದೆ. ಒಂದೇ ಯೂನಿಟ್ ಒಂಟಿಯಾಗಿ ಇಪ್ಪತ್ತು ಸಲ ಓಡುತ್ತಿದ್ದರೆ ಜೊತೆಗಾರರು ಇಲ್ಲವಾಗಿದ್ದಾರೆ. ಈ ಕೊರತೆ ಮೊದಲ ದಿನದಿಂದಲೇ ಕಾಣುತ್ತದೆ, ಫಿಬ್ರಿಲೇಶನ್‌ನಂತೆ ವಾರಗಟ್ಟಲೆ ಕಾಯಬೇಕಿಲ್ಲ. ರೋಗಿ ನೋವಿಗೆ ಹೆದರಿ ಪೂರ್ತಿ ಬಲ ಹಾಕದಿದ್ದರೆ ಮಿಡಿತ ಕಡಿಮೆಯೂ ನಿಧಾನವೂ ಆಗಿರುತ್ತದೆ. ಅದನ್ನು ರೋಗ ಎಂದುಕೊಳ್ಳಬಾರದು. ಯೂನಿಟ್‌ಗಳು ಉದ್ದ, ಎತ್ತರ, ಹಲವು ಮಡಿಕೆಯವಾಗಿದ್ದರೆ ತೊಂದರೆ ತಿಂಗಳುಗಳಷ್ಟು ಹಳೆಯದು.

ಪಾದ ಎತ್ತಲಾಗದವರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಟಿಬಿಯಾಲಿಸ್ ಆಂಟೀರಿಯರ್‌ನಲ್ಲಿ ಫಿಬ್ರಿಲೇಶನ್ ಸಿಕ್ಕಿತು. ಇದು ಎಲ್5 ಮೂಲದ್ದೂ ಆಗಬಹುದು, ಮಂಡಿಯ ಹೊರಬದಿಯ ಮೂಳೆಗಂಟಿನ ಹತ್ತಿರ ಪೆರೋನಿಯಲ್ ನರ ಒತ್ತಿದ್ದೂ ಆಗಬಹುದು. ಗದ್ದೆಯಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಲ್ಲಿ, ತಾಸುಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂರುವವರಲ್ಲಿ ಎರಡನೆಯದು ಅಪರೂಪವಲ್ಲ. ತೀರ್ಪು ಕೊಡುವ ಸ್ನಾಯು ಟಿಬಿಯಾಲಿಸ್ ಪೋಸ್ಟೀರಿಯರ್. ಅದಕ್ಕೂ ಎಲ್5 ತಂತುಗಳೇ, ಆದರೆ ಟಿಬಿಯಲ್ ನರದ ದಾರಿಯಲ್ಲಿ. ಮಂಡಿಗೂ ಹಿಮ್ಮಡಿಗೂ ನಡುಭಾಗದಲ್ಲಿ, ಮೂಳೆಯ ಒಳಅಂಚಿಗೆ ಆನಿಸಿಕೊಂಡು ಸೂಜಿಯನ್ನು ಆಳಕ್ಕೆ ಇಳಿಸಿ, ಪಾದ ಒಳಗೆ ತಿರುಗಿಸಲು ಹೇಳಿ ಜಾಗ ಖಚಿತ ಮಾಡಿಕೊಳ್ಳುತ್ತೇನೆ. ಆಳ ಸಾಲದಿದ್ದರೆ ಸೂಜಿ ಪಕ್ಕದ ಸ್ನಾಯುವಿನಲ್ಲೇ ನಿಂತಿರುತ್ತದೆ, ಆಗ ಬೆರಳು ಮಡಚಿದಾಗ ಸದ್ದು ಬರುತ್ತದೆ. ಆಮೇಲೆ ಸೊಂಟದ ಮೂಳೆಯ ಏಣಿನ ನಡುವಿಂದ ಎರಡೂವರೆ ಸೆಂಟಿಮೀಟರ್ ಕೆಳಗೆ ಗ್ಲೂಟಿಯಸ್ ಮೀಡಿಯಸ್. ಇವೆರಡರಲ್ಲೂ ಫಿಬ್ರಿಲೇಶನ್ ಇದ್ದು, ಸೆನ್ಸರಿ ಅಲೆ ಸರಿಯಿದ್ದರೆ ಎಲ್5. ಇವೆರಡೂ ಶುದ್ಧವಿದ್ದು ಪೆರೋನಿಯಲ್ ಸೆನ್ಸರಿ ಕುಗ್ಗಿದ್ದರೆ ಮಂಡಿಯ ಹತ್ತಿರ ನೋಡಬೇಕು. ಅಲ್ಲಿ ನರವನ್ನು ಬೆರಳಲ್ಲಿ ಉರುಳಿಸಿ ನೋಡುವುದನ್ನು ಮರೆಯುವಂತಿಲ್ಲ. ದಪ್ಪಗಾಗಿದ್ದರೆ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಹುಡುಕಬೇಕು, ಕುಷ್ಠರೋಗ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ನಿಯಮ ಇಷ್ಟೆ: ಒಂದೇ ಮೂಲದ, ಆದರೆ ಬೇರೆ ಬೇರೆ ನರಗಳ ಎರಡು ಸ್ನಾಯುಗಳಲ್ಲಾದರೂ ತೊಂದರೆ ಇರಬೇಕು, ಪಕ್ಕದ ಮೂಲಗಳ ಸ್ನಾಯು ಸರಿ ಇರಬೇಕು. ಬೆನ್ನಿನ ಸ್ನಾಯು ಸೇರಿಸಿ ಆರು ಸ್ನಾಯು ನೋಡಿದರೆ ಸಿಗಬೇಕಾದದ್ದು ಬಹುಮಟ್ಟಿಗೆ ಸಿಗುತ್ತದೆ. ಕೈಯಲ್ಲಾದರೆ ಡೆಲ್ಟಾಯ್ಡ್, ಟ್ರೈಸೆಪ್ಸ್, ಪ್ರೊನೇಟರ್ ಟೆರೀಸ್, ಬೆರಳು ನೀಟುವ ಮುಂಗೈ ಸ್ನಾಯು, ಹೆಬ್ಬೆರಳ ಬುಡ, ಕತ್ತಿನ ಹಿಂಭಾಗ. ಕಿರುಬೆರಳು ಜೋಮು ಎಂದವರಲ್ಲಿ ಸಿ8 (ಕತ್ತಿನ ಎಂಟನೇ) ಮೂಲವೋ ಮೊಣಕೈಯಲ್ಲಿ ಅಲ್ನಾರ್ ನರವೋ ಎಂದು ತಿಳಿಯಲು ಕಿರುಬೆರಳ ಸೆನ್ಸರಿ ಅಲೆ, ಜೊತೆಗೆ ತೋರುಬೆರಳು ನೀಟುವ ಸ್ನಾಯು ನೋಡುತ್ತೇನೆ. ಅದು ಸಿ8ರದ್ದು, ಆದರೆ ರೇಡಿಯಲ್ ನರದ ದಾರಿಯದು.

ಬೆನ್ನಿನ ಸ್ನಾಯುವನ್ನು ಹಲವರು ಬಿಟ್ಟುಬಿಡುತ್ತಾರೆ, ಏಕೆಂದರೆ ಸಡಿಲ ಮಾಡಿಸುವುದು ಕಷ್ಟ. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸಿದರೆ ಅಥವಾ ಪಕ್ಕಕ್ಕೆ ತಿರುಗಿಸಿ ಮಂಡಿ ಮಡಚಿಸಿದರೆ ಆಗುತ್ತದೆ. ನಡುಮೂಳೆಯಿಂದ ಎರಡೂವರೆ ಸೆಂಟಿಮೀಟರ್ ಪಕ್ಕಕ್ಕೆ ಚುಚ್ಚಿ, ಮೂಳೆ ತಾಗಿದ ಮೇಲೆ ಸ್ವಲ್ಪ ಹಿಂದೆಳೆಯಬೇಕು. ಇಲ್ಲಿ ಫಿಬ್ರಿಲೇಶನ್ ಸಿಕ್ಕರೆ ತೊಂದರೆ ಮೂಲದ ಮಟ್ಟದಲ್ಲಿದೆ ಎನ್ನುವುದು ಗಟ್ಟಿಯಾಗುತ್ತದೆ, ಯಾವ ಮೂಲ ಎಂದು ಮಾತ್ರ ಹೇಳಲಾಗದು, ತಂತುಗಳು ಒಂದರ ಮೇಲೊಂದು ಹಬ್ಬಿರುತ್ತವೆ. ಬೆನ್ನಿನ ಆಪರೇಶನ್ ಆದವರಲ್ಲಿ ಕುಯ್ದ ಜಾಗದಲ್ಲಿ ವರ್ಷಗಳವರೆಗೂ ಸಿಗುವುದರಿಂದ ಅಲ್ಲಿಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕತ್ತಿನ ಕೆಳಭಾಗ ಮತ್ತು ಎದೆಯ ಹಿಂದೆ ಸೂಜಿ ಆಳ ಹೋದರೆ ಶ್ವಾಸಕೋಶಕ್ಕೆ ಅಪಾಯ, ಅಲ್ಲಿ ಕೈ ಬಹಳ ಹಗುರವಿರಬೇಕು.

ನನ್ನನ್ನು ಅತ್ಯಂತ ಎಚ್ಚರದಲ್ಲಿಡುವ ಸಂದರ್ಭ ಒಂದಿದೆ. ಕೈ ಸೋಲುತ್ತಿದೆ, ಕಾಲೂ ಸೋಲುತ್ತಿದೆ, ನೋವಿಲ್ಲ, ಜೋಮಿಲ್ಲ, ಸೆನ್ಸರಿ ಅಲೆಗಳೆಲ್ಲ ಚೆನ್ನಾಗಿವೆ, ಎಲ್ಲ ಕಡೆ ಫಿಬ್ರಿಲೇಶನ್. ಎಂಆರ್‌ಐಯಲ್ಲಿ ಕತ್ತು-ಸೊಂಟ ಎರಡೂ ಕಡೆ ಸವೆತವಿದ್ದರೆ 'ಹಲವು ನರಮೂಲಗಳ ಒತ್ತಡ' ಎಂದು ಬರೆದುಬಿಡುವುದು ಸುಲಭ. ಇದು ಸ್ನಾಯು ನಡೆಸುವ ನರಕೋಶಗಳೇ ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆಯ ಚಿತ್ರವೂ ಹೌದು. ಇಂಥಲ್ಲಿ ನಾಲಿಗೆ ಮತ್ತು ಎದೆಯ ಮಟ್ಟದ ಬೆನ್ನಿನ ಸ್ನಾಯು ನೋಡದೆ ವರದಿ ಕೊಡುವುದಿಲ್ಲ. ಕತ್ತು ಅಥವಾ ಸೊಂಟದ ಡಿಸ್ಕ್ ಅಲ್ಲಿಗೆ ಕೈಚಾಚಲಾರದು. ಈ ಒಂದು ಹೆಜ್ಜೆ ತಪ್ಪಿದರೆ ರೋಗಿ ಬೇಡದ ಆಪರೇಶನ್‌ಗೆ ಒಳಗಾಗುತ್ತಾರೆ.

ವರದಿಯಲ್ಲಿ ಯಾವ ಮೂಲ, ಎಡವೋ ಬಲವೋ, ಹೊಸದೋ ಹಳೆಯದೋ, ಎಷ್ಟು ತೀವ್ರ ಎಂದು ಬರೆಯುತ್ತೇನೆ, ನೋಡಿದ ಪ್ರತಿ ಸ್ನಾಯುವಿನ ಹೆಸರನ್ನೂ ಕೊಡುತ್ತೇನೆ. ಏನೂ ಸಿಗದಿದ್ದರೆ 'ನರಮೂಲದ ತೊಂದರೆ ಇಲ್ಲ' ಎಂದು ಬರೆಯುವುದಿಲ್ಲ. ಸ್ಪರ್ಶದ ತಂತುಗಳಷ್ಟೇ ನೊಂದಿದ್ದರೆ, ಅಥವಾ ಹೊದಿಕೆ ಮಾತ್ರ ಒತ್ತಿ ಒಳಗಿನ ತಂತು ಉಳಿದಿದ್ದರೆ ಸೂಜಿಗೆ ಏನೂ ಕೇಳಿಸದು. 'ಮೋಟಾರ್ ತಂತುಗಳು ನಾಶವಾಗುತ್ತಿರುವ ಲಕ್ಷಣ ಇಂದು ಕಂಡಿಲ್ಲ' ಎಂಬುದೇ ನಿಜವಾದ ವಾಕ್ಯ. ಅದರ ಕೆಳಗೆ ನೋವು ಶುರುವಾದ ತಾರೀಕು ಮತ್ತು ಟೆಸ್ಟ್ ಮಾಡಿದ ತಾರೀಕು ಎರಡನ್ನೂ ಹಾಕುತ್ತೇನೆ. ಮೂರು ವಾರಕ್ಕೆ ಮುಂಚಿನ ಟೆಸ್ಟ್ ಆಗಿದ್ದರೆ ಮತ್ತೆ ಯಾವಾಗ ಬರಬೇಕು ಎಂದೂ ಬರೆಯುತ್ತೇನೆ.