ಸೂರ್ಯಕಾಂತಿ ಬಿತ್ತನೆ ಬೀಜ: ತೆನೆಯ ಬೆನ್ನು ನೋಡಿ ಕೊಯ್ಯಿ

ಎಣ್ಣೆಗೆ ಬೆಳೆಯುವವರು ತೆನೆ ಗಿಡದಲ್ಲೇ ಗರಿಗರಿ ಒಣಗಲಿ ಅಂತ ಬಿಡುತ್ತಾರೆ. ಬಿತ್ತನೆ ಬೀಜಕ್ಕೆ ಆ ಲೆಕ್ಕ ನಡೆಯಲ್ಲ, ಅದರಲ್ಲೂ ಕಡೂರು ಕಡೆ ಮುಂಗಾರಿಗೆ ಬಿತ್ತಿದ ಹೊಲದಲ್ಲಿ. ಕೊಯ್ಲಿನ ಹೊತ್ತಿಗೆ ಮಳೆ ಇನ್ನೂ ಆಡುತ್ತಿರುತ್ತದೆ.

ಅರ್ಧದಷ್ಟು ಗಿಡ ಹೂ ಬಿಟ್ಟ ಮೇಲೆ ಸುಮಾರು 30–35 ದಿನಕ್ಕೆ ಕಾಳು ಬಲಿಯುತ್ತದೆ. ಆಗ ತೇವಾಂಶ ಇನ್ನೂ ಶೇ. 35–40 ಇರುತ್ತದೆ. ಅಲ್ಲಿಂದಾಚೆ ಸತ್ವ ತುಂಬುವುದಿಲ್ಲ, ನೀರು ಆರುವುದಷ್ಟೇ. ಈ ದಿನಗಳಲ್ಲಿ ಸಿಪ್ಪೆ ನೆನೆದು ಒಣಗಿ, ಮತ್ತೆ ನೆನೆದರೆ ಮೊಳಕೆಯ ಕಸುವು ಕುಗ್ಗುತ್ತದೆ. ತೆನೆ ಕೊಳೆಯುವುದು, ಗಿಳಿ ಕಾಟ ಬೇರೆ.

ದಿನ ಎಣಿಸುವುದಕ್ಕಿಂತ ತೆನೆಯ ಬೆನ್ನು ನೋಡುವುದೇ ವಾಸಿ. ಹಸಿರು ಹೋಗಿ ನಿಂಬೆಹಳದಿ ಬಂದು, ಅಂಚಿನ ಎಲೆಗಳು ಕಂದಾಗತೊಡಗಿದರೆ ಕುಡುಗೋಲು ಹಚ್ಚುತ್ತೇನೆ. ಹೈಬ್ರಿಡ್ ಬೀಜದ ಹೊಲವಾದರೆ ಗಂಡು ಸಾಲು, ಅಂದರೆ ಪರಾಗಕ್ಕಾಗಿ ಬೆಳೆದ ಸಾಲು, ಮೊದಲು ಕೊಯ್ದು ಹೊರಗೆ ಸಾಗಿಸಬೇಕು. ಒಂದೆರಡು ತೆನೆ ಬೆರೆತರೂ ತಳಿ ಶುದ್ಧತೆ ಹೋಯಿತು.

ಹಸಿ ತೆನೆ ರಾಶಿ ಹಾಕಿದರೆ ರಾತ್ರಿಯೇ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಟಾರ್ಪಾಲಿನ ಮೇಲೆ ಒಂದೇ ಪದರ ಹರಡಿ, ಮೂರು ಗಂಟೆಗೊಮ್ಮೆ ಮಗುಚುತ್ತೇನೆ. ಹೆಬ್ಬೆರಳಲ್ಲಿ ಉಜ್ಜಿದರೆ ಕಾಳು ಉದುರಬೇಕು, ಆಗ ಕೋಲಿನ ಒಕ್ಕಣೆ. ಟ್ರ್ಯಾಕ್ಟರ್ ಹತ್ತಿಸಿದರೆ ಸಿಪ್ಪೆ ಬಿರಿಯುತ್ತದೆ.

ಹೂ ಅಂಚಿನಿಂದ ನಡುವಿಗೆ ಅರಳುತ್ತಾ ಹೋಗಲು ವಾರ ಹಿಡಿಯುವುದರಿಂದ ಒಂದೇ ತೆನೆಯಲ್ಲಿ ಕಾಳಿನ ವಯಸ್ಸು ಬೇರೆ ಬೇರೆ. ಸೀಳಿ ನೋಡಿ: ಅಂಚಿನ ಕಾಳಿನಲ್ಲಿ ತಿರುಳು ಸಿಪ್ಪೆ ತುಂಬಿರುತ್ತದೆ, ನಡುವಿನದರಲ್ಲಿ ಸುಕ್ಕುಗಟ್ಟಿದ ತಿರುಳು, ಇಲ್ಲವೇ ಬರೀ ಜೊಳ್ಳು. ಮೆಲ್ಲಗೆ ಬಡಿದರೆ ಅಂಚಿನದು ಮೊದಲು ಉದುರುತ್ತದೆ, ಅದೇ ಬಿತ್ತನೆಗೆ. ಕಚ್ಚಿಕೊಂಡ ನಡುವಿನದು ಎಣ್ಣೆಗೆ.

ಕಾಳನ್ನು ಬೆಳಗ್ಗೆ, ಸಂಜೆ ಬಿಸಿಲಿಗೆ ಹಾಕಿ, ನಡುಹಗಲು ನೆರಳು. ಹಸಿ ಕಾಳಿಗೆ ಸಿಮೆಂಟ್ ಕಣದ ಕಾವು ತಡೆಯದು. ಪ್ರಮಾಣಿತ ಬೀಜಕ್ಕೆ ತೇವಾಂಶದ ಮಿತಿ ಶೇ. 9, ಮೊಳಕೆ ಕನಿಷ್ಠ ಶೇ. 70.

ಹೊಸ ಬೀಜ ಮೊಳೆಯಲಿಲ್ಲ ಅಂತ ಗಾಬರಿ ಬೇಡ, ಒಂದೂವರೆ ತಿಂಗಳು ಸುಪ್ತಾವಸ್ಥೆ ಇರುತ್ತದೆ. ಆಮೇಲೆ 100 ಕಾಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು ನಾಲ್ಕನೇ ದಿನ, ಹತ್ತನೇ ದಿನ ಎಣಿಸಿ. ಹತ್ತನೇ ದಿನದ ಲೆಕ್ಕ ಒಂದೇ ಇದ್ದರೂ ಕಸುವು ಸಾಲದೆ ನಾಲ್ಕನೇ ದಿನ ಹಿಂದುಳಿದ ಚೀಲವನ್ನು ನಾನು ಮುಂದಿನ ವರ್ಷಕ್ಕೆ ಉಳಿಸುವುದಿಲ್ಲ.