ಹಳೇ ಇಂಜಿನಿಯರಿಂಗ್ ಬ್ಲಾಕ್ ಕೆಡವದೇ ಹೊಸದು ಮಾಡಿದ ನನ್ನ ಅನುಭವ

ನಮ್ಮ ಯೂನಿವರ್ಸಿಟಿಯ ಇಂಜಿನಿಯರಿಂಗ್ ಬ್ಲಾಕ್ 60ರ ದಶಕದ್ದು. ಕೆ.ಆರ್. ಸರ್ಕಲ್‌ನ ಯುವಿಸಿಇ (ಬೆಂಗಳೂರಿನ ಹಳೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು) ಥರ 1917ರ ಕಾಲದ್ದೇನಲ್ಲ, ಸಾದಾ ಆರ್‌ಸಿಸಿ ಫ್ರೇಮು (ಭಾರವೆಲ್ಲಾ ಕಾಂಕ್ರೀಟ್ ಕಾಲಂ-ಬೀಮ್ ಮೇಲೆ), ಮಧ್ಯೆ ಕಾರಿಡಾರು, ಎರಡೂ ಕಡೆ ರೂಮು. ಸಿವಿಲ್ ಮೇಷ್ಟ್ರು ಅಂತ ಬಿಲ್ಡಿಂಗ್ ಕಮಿಟಿಗೆ ನನ್ನನ್ನೂ ಹಾಕಿದ್ರು. ಅರ್ಧ ಜನ ಕೆಡವಿಬಿಡೋಣ ಅಂದ್ರು, ಇನ್ನರ್ಧ ಜನ ಪೇಂಟ್ ಹೊಡ್ಸಿ ಮುಂದ್ಗಡೆ ಗ್ಲಾಸ್ ಹಾಕ್ಸಿದ್ರೆ ಸಾಕು ಅಂದ್ರು, ನಾನು ಮೊದ್ಲು ಟೆಸ್ಟ್ ಮಾಡ್ಸೋಣ, ಜಗಳ ಆಮೇಲೆ ಆಡೋಣ ಅಂದೆ.

ಬಡಿದು ಕಾಂಕ್ರೀಟ್ ಗಟ್ಟಿತನ ನೋಡೋ ರಿಬೌಂಡ್ ಹ್ಯಾಮರ್, ಶಬ್ದದ ಅಲೆ ಕಳ್ಸಿ ಒಳಗಿನ ದೋಷ ನೋಡೋ ಯುಪಿವಿ ಎಲ್ಲಾ ಆಯ್ತು. ಆದ್ರೆ ಕಮಿಟಿಯವ್ರಿಗೆ ಕಣ್ಣಿಗೆ ಕಾಣೋ ಹಾಗೆ ತೋರ್ಸಿದ್ದು ಫಿನಾಲ್ಫ್ತಲೀನು, ಕ್ಷಾರ ಇದ್ರೆ ಬಣ್ಣ ಬರೋ ದ್ರಾವಣ. ಕಾಲಂ ಮೂಲೆಲಿ ಸ್ವಲ್ಪ ಕಾಂಕ್ರೀಟ್ ಒಡೆದು, ಧೂಳು ಊದಿ ಸ್ಪ್ರೇ ಮಾಡಿದ್ರೆ ಒಳಗಡೆ ಕಡುಗುಲಾಬಿ ಆಗುತ್ತೆ, ಅಂದ್ರೆ ಕ್ಷಾರ ಉಳಿದಿದೆ, ಕಂಬಿಗೆ ರಕ್ಷಣೆ ಇದೆ ಅಂತ. ಬಣ್ಣ ಬರದೇ ಇರೋ ಹೊರ ಅಂಚು ಕಾರ್ಬೊನೇಟ್ ಆಗಿರೋ ಭಾಗ, ಅಂದ್ರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಕ್ಷಾರ ಕಳ್ಕೊಂಡಿದ್ದು. ನಮ್ಮಲ್ಲಿ ಕ್ಲಾಸ್‌ರೂಮ್ ಒಳಗಿನ ಕಾಲಂಗಳಲ್ಲೂ ಅದು ಕಂಬಿ ತನಕ ಹೋಗಿತ್ತು, ಆದ್ರೆ ನೀರು ತಾಗಿಲ್ಲ ಅಂತ ತುಕ್ಕು ಇರ್ಲಿಲ್ಲ. ಟಾಯ್ಲೆಟ್ ಪಕ್ಕದ ಕಾಲಂಗಳು, ಕಿಟಕಿ ಮೇಲಿನ ಸಜ್ಜಾಗಳು ಮಾತ್ರ ಬಿರುಕು ಬಿಟ್ಟು ಕಂಬಿ ಉಬ್ಬಿ ಹೊರಗೆ ಬಂದಿದ್ವು. ಸೋರಿಕೆ ನಿಲ್ಸಿ, ಸಡಿಲ ಕಾಂಕ್ರೀಟ್ ಕಿತ್ತು, ಕೆಟ್ಟ ಕಾಲಂಗಳಿಗೆ ಸುತ್ತಲೂ ಮೈಕ್ರೋ ಕಾಂಕ್ರೀಟ್ (ಸಣ್ಣ ಜಲ್ಲಿಯ ಕಾಂಕ್ರೀಟ್) ಹೊದಿಕೆ ಹಾಕೋ ಜಾಕೆಟಿಂಗ್ ಮಾಡಿದ್ವಿ. ಕೆಡವೋ ಮಾತು ಅಲ್ಲಿಗೆ ಮುಗೀತು.

ಅಸಲಿ ತಲೆನೋವು ಲ್ಯಾಬ್ ಹಂಚೋದು. ಪ್ರತಿ ಹೆಚ್‌ಓಡಿಗೂ ಬೋರ್ಡ್ ಹಾಕಿರೋ ಸ್ವಂತ ಲ್ಯಾಬ್ ಬೇಕು. ಇವತ್ತು ರೋಬೋಟಿಕ್ಸ್ ಅಂತೀರಿ, ನಾಳೆ ಬ್ಯಾಟರಿ ರಿಸರ್ಚ್ ಬರುತ್ತೆ, ಪ್ರತಿ ಸಲ ಗೋಡೆ ಒಡೀತಾ ಕೂರೋಕಾಗುತ್ತಾ? ಫ್ರೇಮ್ ಬಿಲ್ಡಿಂಗ್ ಆದ್ರಿಂದ ಮಧ್ಯದ ಇಟ್ಟಿಗೆ ಗೋಡೆಗಳ ಮೇಲೆ ಭಾರ ಇರ್ಲಿಲ್ಲ, ಸ್ಟ್ರಕ್ಚರಲ್ ಚೆಕ್ ಮಾಡ್ಸಿ ತೆಗೆದು ದೊಡ್ಡ ಹಾಲ್ ಮಾಡಿದ್ವಿ. ಕಟ್ಟಡದ ಭಾರ ಲೆಕ್ಕ ಹಾಕೋ ಭಾರತೀಯ ಮಾನದಂಡ ಐಎಸ್ 875ರಲ್ಲಿ ಲ್ಯಾಬ್‌ಗೆ ಚದರ ಮೀಟರ್‌ಗೆ 3 ಕಿಲೋನ್ಯೂಟನ್, ಅಂದ್ರೆ ಹೆಚ್ಚುಕಮ್ಮಿ 300 ಕೆಜಿ ಲೆಕ್ಕ. ಟನ್‌ಗಟ್ಟಲೆ ತೂಗೋ ಯುಟಿಎಂ (ಕಬ್ಬಿಣ, ಕಾಂಕ್ರೀಟ್ ಎಳೆದು ಒತ್ತಿ ಬಲ ನೋಡೋ) ಮಷೀನು ಮೇಲ್ಗಡೆ ಬೇಡವೇ ಬೇಡ ಅಂತ ಹಠ ಹಿಡಿದು ಅಂಥವೆಲ್ಲ ಗ್ರೌಂಡ್ ಫ್ಲೋರಿಗೇ ಹಾಕ್ಸಿದೆ.

ನನಗೆ ಖುಷಿ ಕೊಟ್ಟ ಕೆಲ್ಸ ಅಂದ್ರೆ ಕೇಬಲ್, ಪೈಪು ನೆಟ್ಟಗೆ ಮೇಲೆ ಹೋಗೋ ಶಾಫ್ಟ್‌ಗಳು. ಕಾರಿಡಾರಿನ ಎರಡೂ ತುದಿಲಿ ಕೆಳಗಿಂದ ಟೆರೇಸ್ ತನಕ ತ್ರೀ ಫೇಸ್ ಕೇಬಲ್, ನೆಟ್‌ವರ್ಕ್, ನೀರು, ಎಕ್ಸಾಸ್ಟು, ಒಂದೊಂದಕ್ಕೂ ಬೇರೆ ದಾರಿ, ಜೊತೆಗೆ ಖಾಲಿ ಜಾಗ. ಫಾಲ್ಸ್ ಸೀಲಿಂಗ್ ಹಾಕಿಲ್ಲ, ಕೇಬಲ್ ಟ್ರೇ ಎಲ್ಲಾ ಕಣ್ಣಿಗೆ ಕಾಣುತ್ತೆ, ಮಕ್ಕಳು ನೋಡಿ ಕಲೀಲಿ ಬಿಡಿ. ಖಾಲಿ ಶಾಫ್ಟ್‌ಗೆ ಯಾಕ್ರೀ ದುಡ್ಡು ಅಂತ ಆಡಿಟ್‌ನವ್ರು ಕೇಳಿದ್ರು, ಅದಕ್ಕೇ ಒಂದು ಪುಟ ಉತ್ತರ ಬರೀಬೇಕಾಯ್ತು.

ವೀಲ್‌ಚೇರಿಗೆ ದಾರಿನೂ ಮಾಡಿದ್ವಿ. ಪ್ಲಿಂತ್ (ಹೊರಗಿನ ನೆಲದಿಂದ ಬಿಲ್ಡಿಂಗ್ ಫ್ಲೋರಿನ ಎತ್ತರ) 90 ಸೆಂಟಿಮೀಟರ್ ಇತ್ತು, 1:12 ಇಳಿಜಾರು (12 ಮೀಟರ್ ಉದ್ದಕ್ಕೆ 1 ಮೀಟರ್ ಏರು) ಅಂದ್ರೆ ರ‍್ಯಾಂಪೇ ಸುಮಾರು 11 ಮೀಟರು, ಲ್ಯಾಂಡಿಂಗ್ ಬೇರೆ. ಸ್ಕೂಟರ್ ನಿಲ್ಸೋ ಜಾಗ ಹೋಯ್ತು ಅಂತ ಸ್ಟಾಫ್‌ನವ್ರೇ ಗೊಣಗಿದ್ರು.

ಹಳೇ ಡ್ರಾಯಿಂಗ್ ಒಂದೂ ಸಿಕ್ಕಿರ್ಲಿಲ್ಲ, ರಿಬಾರ್ ಲೊಕೇಟರ್ ಹಿಡ್ಕೊಂಡು ಕಂಬಿ ಹುಡುಕಿದ್ದು. ಅದಕ್ಕೇ ಈ ಸಲ ಆಸ್-ಬಿಲ್ಟ್ ಡ್ರಾಯಿಂಗ್ (ನಿಜವಾಗಿ ಕಟ್ಟಿದ್ದು ಹೇಗೋ ಹಾಗೇ ಬರೆದ ನಕ್ಷೆ) ಪೂರ್ತಿ ಕೈಗೆ ಬರೋ ತನಕ ಕಂಟ್ರಾಕ್ಟರ್ ಫೈನಲ್ ಬಿಲ್‌ಗೆ ಸೈನ್ ಹಾಕ್ಲಿಲ್ಲ.