ಕೆಲಸವಿಲ್ಲದಿದ್ದರೂ ಬಿಡುವಿಲ್ಲದ ಪ್ರೊಸೆಸರ್

ನಾವೇ ಬರೆದು ನಡೆಸುತ್ತಿದ್ದ ಸಂದೇಶ ರವಾನೆಯ ಸೇವೆಯೊಂದು ಲಿನಕ್ಸ್ ಸರ್ವರ್‌ನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಪ್ರೊಸೆಸರ್‌ನ ಒಂದಿಡೀ ಕೋರ್ ಅನ್ನು ನುಂಗಿಹಾಕುತ್ತಿತ್ತು. ಮರುಚಾಲನೆ ಮಾಡಿದ ಕೂಡಲೇ ಸರಿಹೋಗುತ್ತಿತ್ತು. ಮೊದಲೆರಡು ಸಲ ಹಾಗೆಯೇ ಮಾಡಿ ಸುಮ್ಮನಾದೆ. ಅದು ತಪ್ಪು, ಮರುಚಾಲನೆಯೊಂದಿಗೆ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತಿತ್ತು.

ಯಂತ್ರದಲ್ಲಿ ನಾಲ್ಕು ಕೋರ್‌ಗಳಿದ್ದುದರಿಂದ ಗ್ರಾಫ್‌ನಲ್ಲಿ ಒಟ್ಟು ಬಳಕೆ ಶೇ 25ರ ಆಸುಪಾಸಿನಲ್ಲೇ ಕಾಣುತ್ತಿತ್ತು, ಎಚ್ಚರಿಕೆಯ ಸಂದೇಶ ಬರುತ್ತಿರಲಿಲ್ಲ. ಹೊಸ ಸಂಪರ್ಕ ಸಿಗುತ್ತಿಲ್ಲವೆಂದು ಬಳಕೆದಾರರು ದೂರಿದ ಮೇಲೆಯೇ ನಮಗೆ ತಿಳಿಯುತ್ತಿತ್ತು.

ಮೂರನೆಯ ಸಲ ಸೇವೆಯನ್ನು ಹಾಗೆಯೇ ಓಡಲು ಬಿಟ್ಟು ನೋಡಲು ಕುಳಿತೆ. ಯಾರೋ ಸಂಪರ್ಕಗಳ ಸುರಿಮಳೆಗರೆದು ದಾಳಿ ಮಾಡುತ್ತಿದ್ದಾರೆ ಎಂಬುದು ನನ್ನ ಮೊದಲ ಗುಮಾನಿ. ಆದರೆ ಜಾಲದಲ್ಲಿ ಹರಿಯುತ್ತಿದ್ದ ದತ್ತಾಂಶ ಎಂದಿಗಿಂತ ಕಡಿಮೆ ಇತ್ತು. ಪ್ರತಿ ಪ್ರೋಗ್ರಾಂನ ಪ್ರೊಸೆಸರ್ ಬಳಕೆ ತೋರಿಸುವ ಟಾಪ್‌ನಲ್ಲಿ ನಮ್ಮದು ಒಂದು ಕೋರ್‌ನ ಶೇ 100ಕ್ಕೆ ಅಂಟಿಕೊಂಡಿತ್ತು. ಆ ಸಮಯದ ಹೆಚ್ಚಿನ ಪಾಲು ಪ್ರೋಗ್ರಾಂನ ಸ್ವಂತ ಲೆಕ್ಕಾಚಾರಕ್ಕಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ ಹೋಗುತ್ತಿತ್ತು. ಅಂದರೆ ಅದು ಏನನ್ನೋ ಕರ್ನಲ್‌ಗೆ ಪದೇ ಪದೇ ಕೇಳುತ್ತಿದೆ. ಏನನ್ನು?

ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ಪಟ್ಟಿ ಮಾಡುವ ಸ್ಟ್ರೇಸ್ ಅನ್ನು ಹತ್ತು ಸೆಕೆಂಡು ಮಾತ್ರ ಜೋಡಿಸಿದೆ. ಅದು ಪ್ರೋಗ್ರಾಂನ ವೇಗವನ್ನು ಬಹಳ ತಗ್ಗಿಸುವುದರಿಂದ, ನಡೆಯುತ್ತಿರುವ ಸೇವೆಯ ಮೇಲೆ ಹೆಚ್ಚು ಹೊತ್ತು ಬಿಡುವುದು ಸರಿಯಲ್ಲ. ಪಟ್ಟಿಯಲ್ಲಿ ಎರಡೇ ಕರೆಗಳು ಸಾಲುಗಟ್ಟಿದ್ದವು: ಯಾವ ಸಂಪರ್ಕದಲ್ಲಿ ಕೆಲಸವಿದೆ ಎಂದು ಕೇಳುವ ಇಪೋಲ್ ವೇಟ್, ಅದರ ಬೆನ್ನಿಗೇ ಹೊಸ ಸಂಪರ್ಕವನ್ನು ಸ್ವೀಕರಿಸುವ ಆಕ್ಸೆಪ್ಟ್. ಪ್ರತಿಯೊಂದು ಆಕ್ಸೆಪ್ಟ್ ಕರೆಯೂ ತೆರೆದ ಕಡತಗಳು ಮಿತಿಮೀರಿವೆ ಎಂಬ ಇಎಮ್‌ಫೈಲ್ ದೋಷದೊಂದಿಗೆ ಮರಳುತ್ತಿತ್ತು. ಆಗ ಚಿತ್ರ ಸ್ಪಷ್ಟವಾಯಿತು. ಬಾಗಿಲಲ್ಲಿ ಸಂಪರ್ಕವೊಂದು ಕಾದಿದೆ ಎಂದು ಇಪೋಲ್ ಹೇಳುತ್ತದೆ; ಒಳಗೆ ಕರೆದುಕೊಳ್ಳಲು ಡಿಸ್ಕ್ರಿಪ್ಟರ್ (ತೆರೆದ ಪ್ರತಿ ಕಡತಕ್ಕೂ ಸಂಪರ್ಕಕ್ಕೂ ಕರ್ನಲ್ ಕೊಡುವ ಸಂಖ್ಯೆ) ಉಳಿದಿಲ್ಲ; ಸಂಪರ್ಕ ಸರದಿಯಲ್ಲೇ ನಿಂತಿರುವುದರಿಂದ ಇಪೋಲ್ ಮರುಕ್ಷಣವೇ ಮತ್ತೆ ಎಚ್ಚರಿಸುತ್ತದೆ. ಎಲ್ಲಿಯೂ ಒಂದು ಗಳಿಗೆ ನಿಲ್ಲದೆ ಲೂಪ್ ಸುತ್ತುತ್ತಲೇ ಇತ್ತು.

ಓಡುತ್ತಿರುವ ಪ್ರೋಗ್ರಾಂಗಳ ವಿವರ ಸಿಗುವ ಪ್ರಾಕ್ ಕಡತ ವ್ಯವಸ್ಥೆಯಲ್ಲಿ ಆ ಪ್ರೋಗ್ರಾಂನ ಡಿಸ್ಕ್ರಿಪ್ಟರ್‌ಗಳನ್ನು ಎಣಿಸಿದೆ: ಸರಿಯಾಗಿ 1024, ಮಿತಿಯೂ ಅಷ್ಟೇ. ಸಂಪರ್ಕಗಳ ಸ್ಥಿತಿ ತೋರಿಸುವ ಎಸ್‌ಎಸ್ ಆಜ್ಞೆ ಕೊಟ್ಟಾಗ ಅವುಗಳಲ್ಲಿ ಬಹುಪಾಲು ಕ್ಲೋಸ್ ವೇಟ್ ಸ್ಥಿತಿಯಲ್ಲಿದ್ದವು. ಈ ಸ್ಥಿತಿಯನ್ನು ಟೈಮ್ ವೇಟ್ ಎಂದು ತಪ್ಪಾಗಿ ತಿಳಿಯುವವರು ಹಲವರು. ಟೈಮ್ ವೇಟ್ ಎಂದರೆ ಮುಚ್ಚಿಯಾದ ಸಂಪರ್ಕ ಸ್ವಲ್ಪ ಹೊತ್ತು ಉಳಿಯುವ ಸ್ಥಿತಿ; ಅದನ್ನು ಲಿನಕ್ಸ್ 60 ಸೆಕೆಂಡುಗಳಲ್ಲಿ ತಾನೇ ತೆರವು ಮಾಡುತ್ತದೆ. ಕ್ಲೋಸ್ ವೇಟ್ ಎಂದರೆ ಆ ಕಡೆಯವರು ಹೊರಟುಹೋಗಿದ್ದಾರೆ, ನಾವು ಇನ್ನೂ ಬಾಗಿಲು ಹಾಕಿಲ್ಲ. ಪ್ರೋಗ್ರಾಂ ಮುಚ್ಚುವವರೆಗೂ ಅದು ಹೋಗುವುದಿಲ್ಲ. ಹಾಗಾಗಿ ತಪ್ಪು ನಮ್ಮ ಕೋಡ್‌ನಲ್ಲೇ ಇತ್ತು.

ಮಿತಿಯನ್ನು 65536ಕ್ಕೆ ಏರಿಸೋಣ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಸೋರುವ ಕೊಡಕ್ಕೆ ದೊಡ್ಡ ಬಾವಿ ಪರಿಹಾರವಲ್ಲ. ತೊಂದರೆ ಕೆಲವು ತಿಂಗಳು ಮುಂದಕ್ಕೆ ಹೋಗುತ್ತಿತ್ತು, ಅಷ್ಟರಲ್ಲಿ ಈ ಎಳೆ ನಮ್ಮ ಕೈತಪ್ಪುತ್ತಿತ್ತು.

ಕ್ಲೋಸ್ ವೇಟ್ ಸಂಪರ್ಕಗಳೆಲ್ಲ ಒಂದೇ ವಿಳಾಸದಿಂದ, ಬರುವ ಸಂಪರ್ಕಗಳನ್ನು ಸರ್ವರ್‌ಗಳಿಗೆ ಹಂಚುವ ನಮ್ಮ ಲೋಡ್ ಬ್ಯಾಲೆನ್ಸರ್‌ನಿಂದ ಬಂದಿದ್ದವು. ಸೇವೆ ಜೀವಂತವಾಗಿದೆಯೇ ಎಂದು ತಿಳಿಯಲು ಅದು ಐದು ನಿಮಿಷಕ್ಕೊಮ್ಮೆ ಸಂಪರ್ಕಿಸಿ, ಒಂದು ಬೈಟ್ ಕೂಡ ಕಳುಹಿಸದೆ ಮುಚ್ಚುತ್ತಿತ್ತು. ಏನೂ ಓದದೆ ಮುಗಿದ ಸಂಪರ್ಕವನ್ನು ನಮ್ಮ ಕೋಡ್ ಇಪೋಲ್ ಪಟ್ಟಿಯಿಂದ ತೆಗೆಯುತ್ತಿತ್ತು, ಆದರೆ ಕ್ಲೋಸ್ ಕರೆಯುತ್ತಿರಲಿಲ್ಲ. ದಿನಕ್ಕೆ 288 ಸೋರಿಕೆ, ಮೂರೂವರೆ ದಿನಕ್ಕೆ ಸಾವಿರ. ಲೆಕ್ಕ ಹೊಂದಿದಾಗ ಆದ ಸಮಾಧಾನವನ್ನು ಈಗಲೂ ಮರೆತಿಲ್ಲ.

ಕ್ಲೋಸ್ ಕರೆ ಸೇರಿಸಿದ್ದು ಒಂದೇ ಸಾಲು. ಅದರ ಜೊತೆಗೆ, ಇಎಮ್‌ಫೈಲ್ ಬಂದಾಗ ಲೂಪ್ ಹುಚ್ಚೆದ್ದು ಸುತ್ತದಂತೆ ಒಂದು ಡಿಸ್ಕ್ರಿಪ್ಟರ್ ಅನ್ನು ಮೊದಲೇ ಕಾದಿರಿಸಿದೆ: ಮಿತಿ ಮುಟ್ಟಿದರೆ ಅದನ್ನು ಬಿಟ್ಟುಕೊಟ್ಟು, ಕಾದಿರುವ ಸಂಪರ್ಕವನ್ನು ಸ್ವೀಕರಿಸಿ ತಕ್ಷಣ ಮುಚ್ಚಿ, ಮತ್ತೆ ಕಾದಿರಿಸುತ್ತದೆ. ಪ್ರೊಸೆಸರ್ ಬಳಕೆಯ ಪಕ್ಕದಲ್ಲೇ ತೆರೆದ ಡಿಸ್ಕ್ರಿಪ್ಟರ್‌ಗಳ ಎಣಿಕೆಯನ್ನೂ ಗ್ರಾಫ್‌ಗೆ ಸೇರಿಸಿದೆ. ಮೊದಲ ವಾರ ದಿನಕ್ಕೆ ಎರಡು ಸಲ ಅದನ್ನು ನೋಡುತ್ತಿದ್ದೆ; ಗೆರೆ 40ರ ಸುತ್ತಮುತ್ತ ಏರಿಳಿಯುತ್ತಿತ್ತು, ಮೇಲಕ್ಕೆ ಹತ್ತಲಿಲ್ಲ.